ಕೇಸರಿ ಪಟ್ಟಿ ಬಿಚ್ಚಿದ ಬಾವುಟ

ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಸ್ಯಾನ್ ಹೊಸೆಯ ನಮ್ಮ ಹಳೆಯ ಅಪಾರ್ಟ್‌ಮೆಂಟು ಕಣ್ಣೆದುರು ಬಂದು ನಿಲ್ಲುತ್ತದೆ. ಎಂಬತ್ತರ ದಶಕದ ಮಾತು. ಅಪ್ಪ ಅಮ್ಮ ಆಫೀಸಿಗೆ ಹೋದ ಮೇಲೆ, ಮೈಸೂರಿನಿಂದ ಬಂದಿದ್ದ ಅಜ್ಜಿ ಕಿಟಕಿಯ ಬಳಿ ಕೈಮಿಷನ್ನು ಇಟ್ಟುಕೊಂಡು ಕೂರುತ್ತಿದ್ದರು. ನಾಲ್ಕು ಗಂಟೆಗೆ ಮಹಡಿ ಮನೆಯ ಸರೋಜಾ ಆಂಟಿ ಡ್ಯೂಟಿ ಮುಗಿಸಿ ಬಂದು ಕಾಫಿಗೆ ಇಳಿಯುತ್ತಿದ್ದರು. ಅವರು ಶ್ರೀಲಂಕಾದ ತಮಿಳರು. ಅಜ್ಜಿಗೆ ಇಂಗ್ಲಿಷು ಬಾರದು. ಬೆಂಗಳೂರಿನ ತವರಿನಲ್ಲಿ ಕಲಿತ ಹರುಕು ತಮಿಳೇ ಇಬ್ಬರಿಗೂ ಆಸರೆ. ಅವರ ಮಾತೆಲ್ಲ ನನ್ನ ನೆನಪಿನಲ್ಲಿ ಅದು ಹೇಗೋ ಕನ್ನಡವಾಗಿಯೇ ಉಳಿದಿದೆ. "ಅಮ್ಮಾ, ನಿಮ್ಮ ತಮಿಳಿಗೆ ಉಪ್ಪೂ ಇಲ್ಲ, ಹುಳಿಯೂ ಇಲ್ಲ" ಎಂದು ಆಂಟಿ ಛೇಡಿಸಿದರೆ, "ಕಾಫಿ ಸರಿಯಾಗಿದೆ ತಾನೆ? ಸುಮ್ನೆ ಕುಡಿಯೇ" ಎನ್ನುತ್ತಿದ್ದರು ಅಜ್ಜಿ. ಹಗಲೆಲ್ಲ ಅಜ್ಜಿಗೆ ಮಾತಿಗಿದ್ದ ಜೀವ ಅದೊಂದೇ.

ಆ ವರ್ಷ ಸ್ಕೂಲಿನಲ್ಲಿ ಮಕ್ಕಳೆಲ್ಲ ತಂತಮ್ಮ ದೇಶದ ಬಾವುಟ ಹಿಡಿದು ನಡೆಯಬೇಕೆಂದರು. ಅಜ್ಜಿ ತಮ್ಮ ಹಳೆಯ ಕೇಸರಿ ಸೀರೆ ಹರಿದು ನನಗೆ ತ್ರಿವರ್ಣ ಹೊಲಿದರು. ನನ್ನ ಕ್ಲಾಸಿನಲ್ಲೇ ಇದ್ದ ಆಂಟಿಯ ಮಗಳು ವಾಣಿ, "ಮೈ ಮಾಮ್ ವೋಂಟ್ ಮೇಕ್ ಒನ್" ಎಂದಳು. ನಾನು ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದೆ: "ಅವಳಮ್ಮ ಬಾವುಟ ಮಾಡಿಕೊಡಲ್ವಂತೆ." "ಪಾಪ, ಡ್ಯೂಟಿ ಮುಗಿಸಿ ಬರೋಳಿಗೆ ಪುರುಸೊತ್ತೆಲ್ಲಿ" ಎಂದವರೇ, ಲೈಬ್ರರಿ ಪುಸ್ತಕದ ಚಿತ್ರ ನೋಡಿ ಮೂರು ದಿನ ಕೂತು ಲಂಕೆಯ ಬಾವುಟ ಹೊಲಿದರು: ಚೌಕದೊಳಗೆ ಕತ್ತಿ ಹಿಡಿದ ಸಿಂಹ, ಪಕ್ಕದಲ್ಲಿ ಒಂದು ಹಸಿರು ಪಟ್ಟಿ, ಒಂದು ಕೇಸರಿ ಪಟ್ಟಿ, ಸುತ್ತ ಹಳದಿ ಅಂಚು. ಕೇಸರಿಗೆ ಅದೇ ಸೀರೆಯ ತುಂಡು. ನಾಲ್ಕು ಗಂಟೆಗೆ, ತವರಿಗೆ ಬಂದ ಮಗಳಿಗೆ ಕೊಡುವಂತೆ, ತಟ್ಟೆಯಲ್ಲಿ ಅರಿಶಿನ ಕುಂಕುಮದ ಜೊತೆ ಬಾವುಟ ಮಡಿಸಿಟ್ಟು ಕೊಟ್ಟರು.

ಆಂಟಿ ಮಡಿಕೆ ಬಿಚ್ಚಿದರು. ಕೈಯಲ್ಲಿದ್ದ ಕುಂಕುಮ ಹಣೆಗೆ ಏರಲಿಲ್ಲ. "ಈ ಸಿಂಹ ಸಿಂಹಳೀಯರು. ಈ ಕೇಸರಿ ನಾವು, ತಮಿಳರು. ಸಿಂಹದ ಚೌಕದಿಂದ ಆಚೆ. ಸಿಂಹ ಕತ್ತಿ ಎತ್ತಿಕೊಂಡು ಯಾರ ಕಡೆ ಮುಖ ಮಾಡಿದೆ, ನೋಡಿ ಅಮ್ಮಾ. ಕೊಲಂಬೋದಲ್ಲಿ ನಮ್ಮ ಮನೆಗೆ ಬೆಂಕಿ ಇಟ್ಟಾಗ ನನ್ನ ತಮ್ಮ ಒಳಗಿದ್ದ." ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದರು. ಕಾಫಿಗೆ ಕೆನೆ ಕಟ್ಟಿತು.

ಅಜ್ಜಿ ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಬಿಡಿಸಿ ಕೇಸರಿ ಪಟ್ಟಿಯನ್ನು ಬೇರೆ ಮಾಡಿದರು. ಮೊಣಕಾಲು ಹಿಡಿದುಕೊಂಡು ಮಹಡಿ ಹತ್ತಿ, ಅದನ್ನು ಆಂಟಿಯ ಕೈಗಿಟ್ಟರು. ಮೆರವಣಿಗೆಯ ದಿನ ವಾಣಿ ಬರಿಗೈಯಲ್ಲಿ ನಡೆದಳು. ಜಡೆಯಲ್ಲಿ ಕೇಸರಿ ರಿಬ್ಬನ್ನಿತ್ತು. ಆದರೆ ಆಂಟಿ ಮತ್ತೆ ಕಾಫಿಗೆ ಇಳಿಯಲಿಲ್ಲ. ಚಳಿಗಾಲಕ್ಕೆ ಮೊದಲೇ ಅವರು ಟೊರಾಂಟೋಗೆ ಹೊರಟುಹೋದರು.

"ಹೊಲಿಯೋಕೆ ಮುಂಚೆ ಕೇಳಬೇಕಿತ್ತು ಕಣೇ" ಎನ್ನುತ್ತಿದ್ದರು ಅಜ್ಜಿ, ಎರಡು ಲೋಟಕ್ಕೆ ಕಾಫಿ ಬಗ್ಗಿಸಿ. ಅಜ್ಜಿ ಈಗಿಲ್ಲ. ಮಿಷನ್ನಿನ ಪೆಟ್ಟಿಗೆಯಲ್ಲಿ ಆ ಬಾವುಟವಿದೆ. ಬೆಳಕಿಗೆ ಹಿಡಿದರೆ ಸಿಂಹದ ಕತ್ತಿಯ ಮುಂದೆ ಒಂದು ಖಾಲಿ ಜಾಗ. ಅದರ ಎರಡೂ ಅಂಚಿಗೆ ಅಜ್ಜಿಯ ಸೂಜಿ ಹೋಗಿಬಂದ ಸಣ್ಣ ಸಣ್ಣ ತೂತುಗಳು.