ಗುಂಗುರಿಯ ತಲೆಗೆ ಕೈ ಹಾಕಬೇಡಿ

ಆ ಬೀದಿಯಲ್ಲಿ ಇವತ್ತು ಯಾರನ್ನು ಕೇಳಿದರೂ ಕತ್ತರಿಯಮ್ಮನ ಅಂಗಡಿ ತೋರಿಸುತ್ತಾರೆ. ಭಾನುವಾರ ಹೋದರೆ ಕೂರುವುದಿರಲಿ, ನಿಲ್ಲಲೂ ಜಾಗ ಸಿಗದು. ಅವಳು ಕತ್ತರಿ ಹಿಡಿದುಕೊಂಡೇ ಹುಟ್ಟಿದಳು ಎನ್ನುವವರೂ ಇದ್ದಾರೆ. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ಅವಳ ಕೈಗೆ ಮೊದಲು ಸಿಕ್ಕ ಎರಡು ತಲೆಗಳ ಗತಿ ಏನಾಯಿತೆಂಬುದನ್ನು ಬೀದಿ ಮರೆತೇಬಿಟ್ಟಿದೆ. ಅವಳ ಮಗಳು ಮಾತ್ರ ಮರೆತಿಲ್ಲ.

ಮಗಳ ತಲೆತುಂಬ ಗುಂಗುರು ಕೂದಲು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಗುಂಗುರಿ. ಆಗ ಅವಳಿಗೆ ಹತ್ತು ವರ್ಷ. ಕ್ಷೌರದಂಗಡಿ ಅವಳ ಅಪ್ಪನದು. ಎದೆನೋವೆಂದು ಆಸ್ಪತ್ರೆಗೆ ಹೋದ ಅಪ್ಪ ತಿರುಗಿ ಮನೆಗೆ ಬರಲಿಲ್ಲ. ಅದರ ಹಿಂದಿನ ಸಂಜೆಯಷ್ಟೇ ಮಗಳನ್ನು ಅಂಗಡಿಯ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಹಣೆಯ ಮೇಲಿನ ಕೂದಲು ಹುಬ್ಬಿಗೆ ತಾಗದಂತೆ, ಕಿವಿಗಳು ಪೂರ್ತಿ ಕಾಣುವಂತೆ ಕತ್ತರಿಸಿದ್ದ.

ಅಂದಿನಿಂದ ಗುಂಗುರಿ ತನ್ನ ತಲೆಯ ಹತ್ತಿರ ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಆ ಕೂದಲ ತುದಿಗಳಿಗೆ ತಾಗಿದ್ದು ಅಪ್ಪನ ಕತ್ತರಿ. ಅವು ಹೋದರೆ ಅಪ್ಪ ತನಗಾಗಿ ಮಾಡಿದ ಕೊನೆಯ ಕೆಲಸವೇ ಹೋದಂತೆ ಎಂದು ಅವಳ ಲೆಕ್ಕ. ತಿಂಗಳುಗಳು ಕಳೆದವು. ಕೂದಲು ಕಣ್ಣು ಮುಚ್ಚಿತು, ಕಿವಿ ಮುಚ್ಚಿತು, ಕತ್ತಿನ ಮೇಲೆ ಪೊದೆಯಾಯಿತು. ಟೀಚರ್ ಕರೆದು ಬುದ್ಧಿ ಹೇಳಿದರು. ನಿದ್ದೆಯಲ್ಲಿದ್ದಾಗ ಮುಗಿಸಿಬಿಡೋಣವೆಂದು ಮೆಲ್ಲಗೆ ಕತ್ತರಿ ತಂದ ದೊಡ್ಡಮ್ಮನ ಕೈಯನ್ನು ಗುಂಗುರಿ ಕಚ್ಚಿಯೇಬಿಟ್ಟಳು. ಆಮೇಲೆ ಯಾರೂ ಅವಳ ತಂಟೆಗೆ ಹೋಗಲಿಲ್ಲ.

ಇತ್ತ ಅಂಗಡಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ಅಮ್ಮ ಆ ಕಡೆ ಕಾಲಿಡಲೇ ಇಲ್ಲ. ಪಕ್ಕದ ಮೊಬೈಲ್ ರಿಪೇರಿಯವನು ಬಂದು, ಅಂಗಡಿ ತನಗೆ ಬಿಟ್ಟುಕೊಡಿ, ಆ ದೊಡ್ಡ ಕನ್ನಡಿ ಕಿತ್ತರೆ ಗೋಡೆತುಂಬ ಕಪಾಟು ಕೂರಿಸಬಹುದು ಎಂದ. ಅವನು ಹಾಗೆ ಹೇಳಿದ್ದೇ ಒಳ್ಳೆಯದಾಯಿತು. ಕನ್ನಡಿ ಕೀಳುವ ಮಾತು ಕೇಳಿದ್ದೇ ತಡ, ಅಮ್ಮ ಅಂಗಡಿಯನ್ನು ತಾನೇ ನಡೆಸುವುದಾಗಿ ಹೇಳಿಬಿಟ್ಟಳು. ಗುಂಗುರಿ ಕುಣಿದಾಡಿದಳು. ರಿಪೇರಿಯವನು ನಕ್ಕು, ಒಂದು ವಾರ ನೋಡಿ, ಸೋಮವಾರ ಬರುತ್ತೇನೆ ಎಂದು ಹೋದ.

ಅಮ್ಮನ ಧೈರ್ಯಕ್ಕೆ ಕಾರಣವಿತ್ತು. ಮದುವೆಯಾದಾಗಿನಿಂದ ಮಧ್ಯಾಹ್ನದ ಊಟದ ಡಬ್ಬಿ ಅಂಗಡಿಗೆ ಒಯ್ಯುತ್ತಿದ್ದವಳು ಅವಳೇ. ಅಪ್ಪ ಯಾವಾಗಲೂ ಇನ್ನೊಂದೇ ತಲೆ ಎನ್ನುತ್ತಿದ್ದ. ಆ ಇನ್ನೊಂದು ಮುಗಿಯುವವರೆಗೆ ಹಿಂದಿನ ಗೋಡೆಯ ಬೆಂಚಿನಲ್ಲಿ ಕೂತು ನೋಡುವುದೇ ಅವಳ ಕೆಲಸ. ಯಾರ ಬೈತಲೆ ಯಾವ ಕಡೆ, ಯಾರ ಕಿವಿಯ ಹತ್ತಿರ ಕತ್ತರಿ ಹೇಗೆ ತಿರುಗಬೇಕು, ಎಲ್ಲ ಅವಳಿಗೆ ಬಾಯಿಪಾಠ.

ಮೊದಲ ತಲೆ ಮಾವನದು, ಅಂದರೆ ಅಮ್ಮನ ತಮ್ಮನದು. ಅಂಗಡಿ ಬೇಡ, ಮೊದಲು ಮನೆಯಲ್ಲೇ ಕೈ ಪಳಗಲಿ ಎಂದು ಅಮ್ಮ ಅವನನ್ನು ಹಿತ್ತಲಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ನಿಂತು, ಮುಖ ನೋಡುತ್ತ ಕತ್ತರಿ ಆಡಿಸಿದಳು. ಕೈ ಚುರುಕಾಗಿಯೇ ಓಡಿತು. ಮುಗಿದ ಮೇಲೆ ನೋಡಿದರೆ ಹುಟ್ಟಿದಾಗಿನಿಂದ ಎಡಕ್ಕಿದ್ದ ಬೈತಲೆ ಬಲಕ್ಕೆ ಬಂದಿತ್ತು. ಕೂದಲು ಎತ್ತ ಬಾಗಬೇಕೋ ತಿಳಿಯದೆ ನೆಟ್ಟಗೆ ನಿಂತಿತ್ತು. ಎರಡನೆಯವನು ಎದುರುಮನೆಯ ಪೇಂಟರ್. ಅವನ ಹಣೆಯ ಎಡಬದಿ ಬೋಳು, ಅದು ಕಾಣದಂತೆ ಕೂದಲು ಇಳಿಬಿಡುವುದು ಅಪ್ಪನ ಜಾಣತನವಾಗಿತ್ತು. ಅಮ್ಮ ಕೂದಲಿದ್ದ ಬಲಬದಿಯನ್ನೇ ಚೆನ್ನಾಗಿ ಮುಚ್ಚಿ, ಬೋಳನ್ನು ಬಿಸಿಲಿಗೆ ಬಿಟ್ಟಳು. ಬೀದಿಯವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಪೇಂಟರ್ ಬಾಗಿಲು ಹಾಕಿಕೊಂಡ, ಮಾವ ಬೇರೆ ಕಡೆ ಹೋಗಿ ತಲೆ ನುಣ್ಣಗೆ ಮಾಡಿಸಿಕೊಂಡು ಬಂದ.

ಭಾನುವಾರ ಅಮ್ಮ ಕೈಚೆಲ್ಲಿ ಕೂತಳು.

"ನನ್ ಕೈಲಿ ಆಗಲ್ಲ. ನೋಡೋದು ಬೇರೆ, ಮಾಡೋದು ಬೇರೆ. ನಾಳೆ ಬೀಗದಕೈ ಕೊಟ್ಬಿಡ್ತೀನಿ."

ಗುಂಗುರಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಮೊಳೆಯಲ್ಲಿದ್ದ ಬೀಗದಕೈ ಕಿತ್ತುಕೊಂಡು, ಮಾವನನ್ನು ಎಳೆದುಕೊಂಡು ಅಂಗಡಿಗೆ ಹೋದಳು. ಕನ್ನಡಿಯನ್ನು ಕೊನೆಯ ಸಲ ನೋಡಬೇಕಿತ್ತು. ಮಾವ ಶಟರ್ ಎತ್ತಿದ. ಒಳಗೆಲ್ಲ ಧೂಳು, ಆದರೂ ಸೋಪಿನ ವಾಸನೆ ಇನ್ನೂ ಇತ್ತು. ಗುಂಗುರಿ ಅಮ್ಮ ಕೂರುತ್ತಿದ್ದ ಬೆಂಚಿನಲ್ಲಿ ಕೂತಳು. ಅವಳನ್ನು ನಗಿಸಲೆಂದು ಮಾವ ಕುರ್ಚಿಯ ಹಿಂದೆ ನಿಂತು ಅಪ್ಪನಂತೆ ಬೆರಳುಗಳಲ್ಲೇ ಕತ್ತರಿ ಆಡಿಸಿದ.

ಅವಳು ನಗಲಿಲ್ಲ. ಮಾವನ ಬೆನ್ನು ಕುರ್ಚಿಯನ್ನೆಲ್ಲ ಮರೆಮಾಡಿತ್ತು. ಬೆಂಚಿನಿಂದ ಕಾಣುತ್ತಿದ್ದುದೆಲ್ಲ ಕನ್ನಡಿಯಲ್ಲಿ ಕಂಡದ್ದೇ. ಕನ್ನಡಿಯೊಳಗಿನ ಮಾವನ ಕೆನ್ನೆಯ ಮಚ್ಚೆ ಅವಳ ಬಲಗೈ ಕಡೆಗಿತ್ತು.

"ಮಾವ, ಈ ಕಡೆ ತಿರುಗು."

ಮಾವ ತಿರುಗಿದ. ಮಚ್ಚೆ ಅವಳ ಎಡಗೈ ಕಡೆಗೆ ಬಂತು.

ಗುಂಗುರಿಗೆ ಥಟ್ಟನೆ ಹೊಳೆಯಿತು. ಅಮ್ಮ ಇಷ್ಟು ವರ್ಷ ನೋಡಿದ್ದು ಕನ್ನಡಿಯೊಳಗಿನ ಮುಖಗಳನ್ನು. ಹಿತ್ತಲಲ್ಲಿ ಕನ್ನಡಿ ಎಲ್ಲಿತ್ತು? ಎದುರಿಗೆ ನಿಂತು, ಕನ್ನಡಿಯಲ್ಲಿ ಕಂಡ ಅದೇ ಮುಖವೆಂದುಕೊಂಡು ಕತ್ತರಿಸಿದಳು, ಎಡಬಲವೆಲ್ಲ ಅದಲುಬದಲಾಯಿತು. ಗುಂಗುರಿ ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದಳು. ದಾರಿಯಲ್ಲಿ ಒಂದು ಚಪ್ಪಲಿ ಕಳಚಿತು, ಅದನ್ನು ತೆಗೆದುಕೊಳ್ಳುವ ವ್ಯವಧಾನ ಯಾರಿಗಿತ್ತು!

"ಅಮ್ಮ, ನೀನು ತಪ್ಪು ಕಲ್ತಿಲ್ಲ. ತಪ್ಪು ಕಡೆ ನಿಂತಿದ್ದೆ ಅಷ್ಟೇ."

ಏದುಸಿರು ಬಿಡುತ್ತಲೇ ಎಲ್ಲ ಹೇಳಿ, ಅಮ್ಮನ ಕೈ ಹಿಡಿದು ಜಗ್ಗಿದಳು. ಅಂಗಡಿಯ ಹೊಸ್ತಿಲಲ್ಲಿ ಅಮ್ಮನ ಕಾಲು ನಿಂತುಬಿಟ್ಟಿತು. ಗುಂಗುರಿ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ ತಾನೇ ಒಳಗೆ ಬಂದು, ಸೆರಗಿನಿಂದ ಕನ್ನಡಿ ಒರೆಸಿ, ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಳು.

ಆದರೆ ಕತ್ತರಿಸುವುದು ಯಾರ ತಲೆಯನ್ನು? ಮಾವನ ತಲೆಯಲ್ಲಿ ಒಂದೆಳೆ ಇರಲಿಲ್ಲ. ಪೇಂಟರ್ ಕಾಲು ಹಿಡಿದರೂ ಬರುವವನಲ್ಲ. ಬೆಳಗಾದರೆ ರಿಪೇರಿಯವನು ಬಾಗಿಲಲ್ಲಿರುತ್ತಾನೆ. ಇದ್ದದ್ದು ಒಂದೇ ತಲೆ. ಗುಂಗುರಿ ಎರಡೂ ಕೈಯಿಂದ ಕೂದಲ ತುದಿಗಳನ್ನು ಹಿಡಿದುಕೊಂಡು ನಿಂತಳು. ಆಮೇಲೆ ಕೈ ಬಿಟ್ಟು ಕುರ್ಚಿ ಹತ್ತಿದಳು.

"ಬೇಡ ಕಂದ," ಎಂದಳು ಅಮ್ಮ. "ಅದು ನಿಮ್ಮಪ್ಪ ಕತ್ತರಿಸಿದ್ದು."

"ಗೊತ್ತು. ನೀನು ನನ್ನ ನೋಡ್ಬೇಡ, ಕನ್ನಡಿ ನೋಡ್ಕೊಂಡು ಕತ್ತರಿಸು."

ಅಮ್ಮ ಕೂದಲಿಗೆ ನೀರು ಚಿಮುಕಿಸಿದಳು. ಕತ್ತರಿ ಮಾತಾಡತೊಡಗಿತು. ಮೊದಲ ಸುರುಳಿ ಮಡಿಲಿಗೆ ಬಿದ್ದಾಗ ಗುಂಗುರಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಅತ್ತಳು ಕೂಡ, ಅದರಲ್ಲಿ ನಾಚಿಕೆಯೇನಿಲ್ಲ. ಅಮ್ಮನ ಕೈ ಒಮ್ಮೆಯೂ ತಡವರಿಸಲಿಲ್ಲ. ಕಿವಿಗೆ ಗಾಳಿ ತಾಗಿತು, ಹಣೆ ಹಗುರಾಯಿತು. ಕತ್ತರಿ ನಿಂತಿತು.

ಗುಂಗುರಿ ಕಣ್ಣು ತೆರೆದಳು. ಕನ್ನಡಿಯಲ್ಲಿ ಕೂತಿದ್ದವಳು ಆ ಸಂಜೆಯ ಹುಡುಗಿ. ಹುಬ್ಬಿಗೆ ತಾಗದ ಮುಂಗೂದಲು, ಪೂರ್ತಿ ಕಾಣುವ ಕಿವಿಗಳು, ಒಂದೆಳೆ ಆಚೀಚೆ ಇಲ್ಲ. ಅವಳು ತುದಿಗಳನ್ನು ಕಾಯುತ್ತಿದ್ದಷ್ಟು ದಿನವೂ ಅಪ್ಪನ ಕೆಲಸ ಕೂದಲೊಳಗೆ ದಿನದಿನಕ್ಕೂ ಮುಳುಗುತ್ತಲೇ ಇತ್ತು. ಈಗ ಮೇಲೆ ಬಂದಿತ್ತು.

"ಅಮ್ಮ, ಇದು ಅಪ್ಪ ಕತ್ತರಿಸಿದ್ದೇ."

"ನಂಗೆ ಬೇರೆ ಥರ ಎಲ್ಲಿ ಬರತ್ತೆ," ಎಂದಳು ಅಮ್ಮ. ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳು ನಗುತ್ತಿದ್ದಳು, ಕಣ್ಣೀರು ಗಲ್ಲದವರೆಗೆ ಇಳಿದಿತ್ತು.

ನಾಳೆ ರಿಪೇರಿಯವನು ಬಂದರೆ ಏನು ಹೇಳುವುದೆಂದು ಬಾಗಿಲಲ್ಲಿದ್ದ ಮಾವ ಕೇಳಿದ. ಅಮ್ಮ ಕತ್ತರಿಯನ್ನು ಬಟ್ಟೆಗೆ ಒರೆಸಿದಳು.

"ಕೂರೋಕೆ ಹೇಳು. ಅವನ ಕೂದಲೂ ಬೆಳೆದಿದೆ."