ಸ್ನಾನದ ಅಂಗಿ

ಐರ್ಲೆಂಡಿನ ಲೀಟ್ರಿಮ್ ಸೀಮೆಯ ಅಟ್ರಾಕ್ಟಾ ಮುಲ್ವಿಹಿಲ್ ಐದು ಮಕ್ಕಳನ್ನು ಹೆತ್ತವಳು. ಆದರೆ ಅರವತ್ತೊಂದು ವರ್ಷವಾದರೂ ತನ್ನ ಮೈಯನ್ನು ತಾನೇ ಒಮ್ಮೆಯೂ ನೋಡಿಕೊಂಡವಳಲ್ಲ. ಚಿಕ್ಕಂದಿನಲ್ಲಿ ಅವಳು ಓದಿದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಸಿಸ್ಟರುಗಳು ಹುಡುಗಿಯರಿಗೆ ಉದ್ದನೆಯ ಅಂಗಿ ತೊಡಿಸಿಯೇ ಸ್ನಾನ ಮಾಡಿಸುತ್ತಿದ್ದರು. ಕಾಯುವ ದೇವದೂತ ಪಕ್ಕದಲ್ಲೇ ಇರುತ್ತಾನೆ, ಅವನು ಮುಖ ತಿರುಗಿಸುವಂತೆ ಆಗಬಾರದು ಎನ್ನುತ್ತಿದ್ದರು. ಅಂದಿನಿಂದ ಅವಳು ಅಂಗಿಯೊಳಗೇ ಸೋಪು ಹಚ್ಚಿ, ಅಂಗಿಯೊಳಗೇ ಒರೆಸಿಕೊಂಡು ಬಂದಳು.

ಮೊನ್ನೆ ಸೋಪಿನ ಕೈಗೆ ಎಡ ಮೊಲೆಯಲ್ಲಿ ಗಂಟೊಂದು ಸಿಕ್ಕಿತು. ಡಾಕ್ಟರ ಹತ್ತಿರ ಹೋದವಳು ಗುಂಡಿ ಬಿಚ್ಚಲು ಒಪ್ಪದೆ ಎದ್ದು ಬಂದಳು. ಈಗ ಕೂತಲ್ಲಿ ಕೂರಲಾರಳು. ಒಲೆಯ ಮೇಲೆ ಕೆಟಲ್ ಇಟ್ಟಳು, ಇಳಿಸಿದಳು, ಮತ್ತೆ ಇಟ್ಟಳು.

"ಇವತ್ತು ಹೋಗ್ಲೇಬೇಕಮ್ಮ," ಎಂದಳು ಮಗಳು ಡಿಂಪ್ನಾ. "ಡಾಕ್ಟರೇನು ನಿನ್ನ ಮದುವೆಯಾಗ್ತಾರಾ?"

"ಬಾಯ್ಮುಚ್ಚೇ! ನಿಮ್ಮಪ್ಪನೇ ಸಾಯೋವರೆಗೂ ನೋಡ್ಲಿಲ್ಲ. ದೀಪ ಆರಿಸಿಯೇ ಸಂಸಾರ ಮಾಡಿದೀನಿ."

"ಆ ಗಂಟಿಗೆ ದೀಪ ಬೇಕಿಲ್ಲ, ಕತ್ತಲಲ್ಲೂ ಬೆಳೆಯುತ್ತೆ."

ಅಟ್ರಾಕ್ಟಾ ಕೋಣೆಗೆ ಹೋಗಿ ಚಿಲಕ ಹಾಕಿದಳು. ಯೇಸುವಿನ ಪಟವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಮೊದಲ ಗುಂಡಿ ಬಿಚ್ಚಿದಳು, ಮತ್ತೆ ಹಾಕಿಕೊಂಡಳು. ಎಲ್ಲಿತ್ತೋ ಸಿಟ್ಟು, ಪಟವನ್ನು ಮತ್ತೆ ಈಚೆಗೆ ತಿರುಗಿಸಿದಳು.

"ಮಾಡಿದವನು ನೀನೇ ತಾನೆ? ನೋಡು."

ಅಂಗಿ ಕಳಚಿ ಕನ್ನಡಿಯ ಮುಂದೆ ನಿಂತಳು. ಎಡ ಮೊಲೆಯ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಬಿದ್ದಿತ್ತು.

"ಡಿಂಪ್ನಾ, ಕಾರು ತೆಗಿಯೇ!" ಎಂದು ಒಳಗಿನಿಂದಲೇ ಕೂಗಿದಳು. "ಕೈ ಬೆಚ್ಚಗೆ ಮಾಡ್ಕೊಂಡಿರು ಅಂತ ಆ ಡಾಕ್ಟರಿಗೆ ಹೇಳು!"