ಉಸುಕಿನ ಹಳ್ಳ ದಾಟಿದ ಗಾಡಿ

ಕೂಡ್ಲಿಗಿಯ ನಮ್ಮ ಮನೆಯ ಮುಂದೆ ಬೇವಿನ ನೆರಳಿನಲ್ಲಿ ನಿಂತಿರುವ ಮೋಟಾರ್ ಸೈಕಲ್ಲನ್ನು ನೋಡಿದವರು ಮೊದಲು ಕೇಳುವುದು, ಇದು ಯಾವ ಕಂಪನಿಯದು ಎಂದು. ಹೆಸರು ಹೇಳಿದರೆ ನಂಬುವುದಿಲ್ಲ. ಪಕ್ಕದ ಬೀದಿಯ ಮೇಷ್ಟರ ಬಳಿಯೂ ಅದೇ ಗಾಡಿ ಇದೆ. ಅವರದು ಹಾಲು ಕರೆಸಿಕೊಳ್ಳುವ ಎಮ್ಮೆಯ ಹಾಗೆ ಸಮಾಧಾನದಿಂದ ತಗ್ಗಿ ನಿಂತಿದ್ದರೆ, ನನ್ನದು ಮುಂಗಾಲೆತ್ತಿ ಕಾರೆ ಗಿಡಕ್ಕೆ ಬಾಯಿ ಹಾಕಿದ ಮೇಕೆಯ ಹಾಗೆ. ಎರಡೂ ಒಂದೇ ಬಸಿರಿನವು ಎಂದು ಒಪ್ಪಿಸುವಷ್ಟರಲ್ಲಿ ಬಂದವರ ಚಹಾ ಆರಿರುತ್ತದೆ. ನಿಮಗೆ ಪುರುಸೊತ್ತಿದ್ದರೆ ಕುಳಿತುಕೊಳ್ಳಿ, ಹೇಳುತ್ತೇನೆ.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಕುರಿ, ಮೇಕೆಗಳಿಗೆ ಲಸಿಕೆ ಹಾಕುವುದು ನನ್ನ ಪಾಲಿನ ಕೆಲಸ. ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಕಂಡ ಮೊದಲ ಹೆಂಗಸು ನಾನೇ ಆದ್ದರಿಂದ, ಆ ಗಾಡಿಯನ್ನು ಕೊಂಡ ದಿನ ನಮ್ಮ ಕೇರಿಗೆ ಕೇರಿಯೇ ಬಂದು ಅದನ್ನು ಮುಟ್ಟಿ ನೋಡಿತ್ತು. ರಸ್ತೆಯ ಮೇಲೆ ಅದು ಬೆಣ್ಣೆಯಂತೆ ಓಡುತ್ತಿತ್ತು. ಆದರೆ ಕುರಿಗಳು ರಸ್ತೆಯ ಮೇಲೆ ಇರುವುದಿಲ್ಲವಲ್ಲ.

ಎರಡು ವರ್ಷದ ಹಿಂದೆ, ಮುಂಗಾರಿಗೆ ಇನ್ನೇನು ಕೆಲವೇ ದಿನ ಉಳಿದಿದ್ದಾಗ, ಬಾಳಮ್ಮನ ಹಿಂಡಿಗೆ ಲಸಿಕೆ ಹಾಕಲು ಹೊರಟೆ. ಬಾಳಮ್ಮ ಕೋಗಳಿ ಕಡೆಯವಳು, ಗಂಡ ಸತ್ತ ಮೇಲೆ ಹಿಂಡನ್ನು ತಾನೇ ಕಾಯುವವಳು, ಆರಡಿಗೆ ನಾಲ್ಕು ಬೆರಳಷ್ಟೇ ಕಡಿಮೆ ಇರುವ ಆಳು. ಮಳೆ ಬಿದ್ದು ಎಳೆ ಹುಲ್ಲು ಚಿಗುರಿದಾಗ ಕುರಿಗಳಿಗೆ ಕರುಳು ಬೇನೆ ಬರುತ್ತದೆ. ಸಂಜೆ ಚೆನ್ನಾಗಿ ಮೇಯ್ದದ್ದು ಬೆಳಿಗ್ಗೆ ಕಾಲು ಚಾಚಿ ಬಿದ್ದಿರುತ್ತದೆ. ಅದಕ್ಕಿಂತ ಮುಂಚೆ ಲಸಿಕೆ ಹಾಕಬೇಕು, ಮತ್ತು ಲಸಿಕೆ ಕುರಿಯ ಮೈ ಸೇರುವವರೆಗೆ ಮಂಜುಗಡ್ಡೆಯ ನಡುವೆ ತಣ್ಣಗಿರಬೇಕು. ಬಾಳಮ್ಮನ ಹಟ್ಟಿಯಿದ್ದದ್ದು ಉಸುಕಿನ ಹಳ್ಳ ದಾಟಿ, ಕಲ್ಲು ಗುಡ್ಡದ ಹಿಂದೆ. ಹಳ್ಳದ ನಡುವೆ ನನ್ನ ಗಾಡಿಯ ಸಣ್ಣ ಚಕ್ರ ಹೂತು, ಗಾಡಿ ಮಗುಚಿ, ಲಸಿಕೆಯ ಪೆಟ್ಟಿಗೆಯ ಮುಚ್ಚಳ ಒಡೆದು, ಮಂಜುಗಡ್ಡೆಯೆಲ್ಲ ಸುಡು ಉಸುಕಿಗೆ ಚೆಲ್ಲಿಹೋಯಿತು. ಸೀಸೆಗಳನ್ನು ಒದ್ದೆ ಟವೆಲ್ಲಿನಲ್ಲಿ ಸುತ್ತಿಕೊಂಡು ಎರಡು ತಾಸು ನಡೆದೆ. ಹಟ್ಟಿ ಮುಟ್ಟಿದಾಗ ಸೀಸೆಗಳು ಅಂಗೈಗೆ ಬೆಚ್ಚಗೆ ಹತ್ತುತ್ತಿದ್ದವು.

ಚುಚ್ಚಿಬಿಡಬಹುದಿತ್ತು. ಚುಚ್ಚಿದ ಹಾಗೆ ಕಾಣುತ್ತದೆ, ಆಸ್ಪತ್ರೆಯ ಪುಸ್ತಕದಲ್ಲಿ ಬರೆದ ಹಾಗೂ ಆಗುತ್ತದೆ, ಕುರಿಗೆ ಮಾತ್ರ ಕಾವಲು ಸಿಗುವುದಿಲ್ಲ. ಇದು ಕೆಟ್ಟಿದೆ, ಹಾಕುವುದಿಲ್ಲ, ಎರಡು ದಿನದಲ್ಲಿ ಬೇರೆ ತರುತ್ತೇನೆ ಎಂದು ಹೇಳಿ ಬಂದೆ. ಮರುದಿನವೇ ಮಳೆ ಹಿಡಿಯಿತು. ಹಳ್ಳ ಹರಿಯಿತು. ಮೂರು ವಾರದ ನಂತರ ನಾನು ಅಲ್ಲಿಗೆ ತಲುಪಿದಾಗ ಹನ್ನೆರಡು ಕುರಿಗಳು ಸತ್ತಿದ್ದವು. ಬಾಳಮ್ಮ ಬೈಯಲಿಲ್ಲ. ನೀರಿನ ತಂಬಿಗೆ ಕೊಟ್ಟು, ನಾನು ಕುಡಿದು ಮುಗಿಸುವವರೆಗೆ ಕಾದು, “ನೀವು ಬಂದಿದ್ರಿ, ಔಷಧ ಬಂದಿರಲಿಲ್ಲ” ಎಂದಳು.

ಆ ಮಾತು ತಲೆಯಲ್ಲಿ ಬಹಳ ದಿನ ಓಡಾಡಿತು. ರಸ್ತೆಯೆಂಬುದು ಭೂಮಿಯಷ್ಟೇ ಸಹಜ ಎಂದು ನಾವು ತಿಳಿದಿರುತ್ತೇವೆ, ಅದು ಯಾರ ಮನೆಯವರೆಗೆ ಬಂದು ನಿಂತಿದೆ ಎಂದು ನೋಡಲು ಹೋಗುವುದಿಲ್ಲ. ನಾನಾದರೂ ನೋಡಬೇಕಿತ್ತು. ನಾನು ಹುಟ್ಟಿದ ಊರಿನಲ್ಲಿ ಡಾಂಬರು ಮೇಲಿನ ಓಣಿಯ ಕೊನೆಯ ಮನೆಗೆ ಬಂದು ನಿಂತುಬಿಟ್ಟಿತ್ತು. ನಮ್ಮ ಕೇರಿಗೆ ಅದು ಇಳಿದು ಬಂದಾಗ ನಾನು ಹೈಸ್ಕೂಲು ಮುಗಿಸುತ್ತಿದ್ದೆ. ಅಲ್ಲಿಯವರೆಗೆ ಹೆರಿಗೆ ಮಾಡಿಸುವ ನರ್ಸಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ಕೆಸರಿನಲ್ಲಿ ಬರುತ್ತಿದ್ದಳು. ಅವಳು ಬಾರದ ದಿನಗಳೂ ಇದ್ದವು. ಇಂಥ ಕೇರಿಯಿಂದ ಬಂದವಳು ನಾನು, ಡಾಂಬರು ಮುಗಿದಲ್ಲಿ ನಿಲ್ಲುವ ಗಾಡಿಯನ್ನು ಕೊಂಡು ಹೆಮ್ಮೆಪಟ್ಟಿದ್ದೆ.

ಕೊಟ್ಟೂರಿನಲ್ಲಿ ಕೊಟ್ರೇಶಿ ಎಂಬ ಮೆಕ್ಯಾನಿಕ್ ಇದ್ದಾನೆ, ವೆಲ್ಡಿಂಗೂ ಅವನದೇ. ಬೆಟ್ಟ ಹತ್ತುವ ಹುಮ್ಮಸ್ಸಿನ ಪಡ್ಡೆಗಳು ಮೊಬೈಲಿನಲ್ಲಿ ಚಿತ್ರ ತೋರಿಸಿ, ತಮ್ಮ ಗಾಡಿಯನ್ನೂ ಹಾಗೇ ಮಾಡಿಕೊಡು ಎಂದು ಅವನಲ್ಲಿಗೆ ಬರುತ್ತಾರಂತೆ. ನನ್ನನ್ನೂ ಅವನು, ಫೋಟೋಕ್ಕೋ ಓಡಿಸುವುದಕ್ಕೋ ಎಂದು ಕೇಳಿದ. ಬಾಳಮ್ಮನ ಹಟ್ಟಿಗೆ ಎಂದೆ. ಅವನು ಭಾನುವಾರ ನನ್ನ ಜೊತೆ ಬಂದು ಹಳ್ಳದಲ್ಲಿ ಇಳಿದು, ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಸೋರಬಿಟ್ಟು, ಅಡ್ಡ ಬರುವ ಕಲ್ಲುಗಳನ್ನೆಲ್ಲ ಗೇಣಿನಿಂದ ಅಳೆದ.

ಒಂದು ತಿಂಗಳು ಗಾಡಿ ಅವನ ಬಳಿ ಇತ್ತು. ಚಾಸಿಯನ್ನು ಮುಟ್ಟಲಿಲ್ಲ, ಕಾನೂನಿಗೆ ಒಪ್ಪದ್ದನ್ನು ಮಾಡುವುದಿಲ್ಲ ಎಂದ. ಮುಂದೆ ದೊಡ್ಡ ಚಕ್ರ ಬಂತು, ಎರಡೂ ಚಕ್ರಕ್ಕೆ ದಪ್ಪ ಹಲ್ಲಿನ ಟೈರು ಬಂತು, ಉದ್ದನೆಯ ಶಾಕ್ ಅಬ್ಸಾರ್ಬರು ಬಂದು ಗಾಡಿ ಮೇಲೆದ್ದಿತು. ಎಂಜಿನ್ನಿನ ಹೊಟ್ಟೆಗೆ ಕಲ್ಲು ಬಡಿಯದಂತೆ ತಗಡಿನ ಕವಚ ಹಾಕಿದ. ಹೊಗೆಯ ಕೊಳವೆಯನ್ನು ನೀರು ಮುಟ್ಟದಂತೆ ಮೇಲೆತ್ತಿದ, ಸದ್ದು ಹೆಚ್ಚಾದರೆ ಕುರಿ ಬೆದರುತ್ತವೆಂದು ಮೆತ್ತಗೆ ಉಸಿರಾಡುವ ಹಾಗೇ ಉಳಿಸಿದ. ಹಿಂದೆ, ಸೀಟು ಮುಗಿದಲ್ಲಿ, ಲಸಿಕೆಯ ಪೆಟ್ಟಿಗೆಗೆಂದು ರಬ್ಬರು ಹಾಸಿದ ಕಬ್ಬಿಣದ ತೊಟ್ಟಿಲೊಂದನ್ನು ಕೂರಿಸಿದ. ಎಲ್ಲ ಆದ ಮೇಲೆ ಹತ್ತಿ ಕುಳಿತೆ. ನನ್ನ ಎರಡೂ ಕಾಲು ಗಾಳಿಯಲ್ಲಿದ್ದವು.

ಕೊಟ್ರೇಶಿ ಸುತ್ತ ಒಂದು ಪ್ರದಕ್ಷಿಣೆ ಬಂದ. “ಗಾಡಿ ಎತ್ತರ ಮಾಡಬಹುದ್ರಿ ಮೇಡಂ. ನಿಮ್ಮನ್ನ ಎತ್ತರ ಮಾಡೋ ವೆಲ್ಡಿಂಗ್ ನನ್ನತ್ರ ಇಲ್ಲ.”

ಗಾಡಿಯನ್ನು ತಗ್ಗಿಸಿದರೆ ಕಲ್ಲು ತಾಗುತ್ತದೆ. ಸೀಟಿನ ಸ್ಪಂಜನ್ನು ಕೆತ್ತಿ ಕೆತ್ತಿ ತೆಳ್ಳಗೆ ಮಾಡಿದರೂ ಒಂದು ಕಾಲಿನ ಬೆರಳಷ್ಟೇ ನೆಲ ಕಂಡಿತು. ನಿಲ್ಲಿಸುವಾಗ ಒಂದು ಪಕ್ಕಕ್ಕೆ ಜಾರಿ ಕಾಲೂರುವುದನ್ನು ಆ ಬೇಸಿಗೆಯೆಲ್ಲ ಕಲಿತೆ. ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಎದುರು ಬಿದ್ದೆ, ಪೆಟ್ರೋಲ್ ಬಂಕಿನಲ್ಲಿ ಬಿದ್ದೆ, ಒಮ್ಮೆ ನಮ್ಮ ಆಸ್ಪತ್ರೆಯ ಮುಂದೆ ಚಿಕಿತ್ಸೆಗೆ ಬಂದ ಎತ್ತಿನ ಸಮಕ್ಷಮ ಬಿದ್ದೆ. ನಗುವವರು ನಕ್ಕರು. ಬಿದ್ದೇಳುವುದಕ್ಕೆ ನಾಚದ ವಯಸ್ಸು ನಲವತ್ತರ ಮೇಲೆ ಮತ್ತೊಮ್ಮೆ ಬರುತ್ತದೆಂದು ಆಗ ತಿಳಿಯಿತು.

ಮರುವರ್ಷ ಮಳೆಗೆ ತಿಂಗಳು ಮೊದಲೇ ಹೊರಟೆ. ಹಳ್ಳದ ಅಂಚಿನಲ್ಲಿ ಪೆಟ್ಟಿಗೆ ಅಲುಗಾಡುತ್ತಿಲ್ಲವೆಂದು ಮುಟ್ಟಿ ನೋಡಿದೆ. ಕೊಟ್ರೇಶಿ ಹೇಳಿಕೊಟ್ಟಂತೆ ಎದ್ದು ನಿಂತು, ಹ್ಯಾಂಡಲ್ಲನ್ನು ಬಿಗಿ ಹಿಡಿಯದೆ, ವೇಗ ತಗ್ಗಿಸದೆ ನಡೆಸಿದೆ. ಗಾಡಿ ಉಸುಕಿನಲ್ಲಿ ಒಮ್ಮೆ ಓಲಾಡಿ, ತಾನೇ ದಾರಿ ಹಿಡಿದು, ಆಚೆ ದಡ ಹತ್ತಿತು. ಹಟ್ಟಿಯಲ್ಲಿ ಬಾಳಮ್ಮ ನನ್ನ ಮುಖವನ್ನು ನೋಡಲಿಲ್ಲ; ನೇರ ಪೆಟ್ಟಿಗೆಯ ಹತ್ತಿರ ಹೋಗಿ ಮುಚ್ಚಳ ತೆಗೆದು ಕೈ ಒಳಗಿಟ್ಟಳು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದು, ಮೊದಲ ಕುರಿಯನ್ನು ಹಿಡಿದು ತಂದಳು.

ಮಧ್ಯಾಹ್ನದ ಹೊತ್ತಿಗೆ ಹಿಂಡು ಮುಗಿಯಿತು. ಸೀಸೆಗಳು ಉಳಿದಿದ್ದವು. ಗುಡ್ಡದ ಆಚೆ ದುರುಗಪ್ಪನ ಹಿಂಡು ಇಳಿದಿದೆ, ಅರಸೀಕೆರೆ ಕಡೆಯಿಂದ ಬಂದವರು, ಅವರ ಕುರಿಗಳಿಗೂ ಲಸಿಕೆ ಆಗಿಲ್ಲ ಎಂದು ಬಾಳಮ್ಮ ಹೇಳಿದಳು. ದಾರಿ ಎಲ್ಲಿದೆ ಎಂದೆ.

“ದಾರಿ ಇಲ್ಲರಿ. ನಾನು ಬರ್ತೀನಿ, ನಡ್ರಿ.”

ಸೀರೆಯನ್ನು ಕಚ್ಚೆ ಕಟ್ಟಿ, ನನ್ನ ಹಿಂದೆ ಗಂಡಸರಂತೆ ಎರಡೂ ಬದಿಗೆ ಕಾಲು ಹಾಕಿ ಕುಳಿತು, ಒಂದು ಕೈಯನ್ನು ಹಿಂದಕ್ಕೆ ಚಾಚಿ ಪೆಟ್ಟಿಗೆಯ ಮೇಲಿಟ್ಟುಕೊಂಡಳು. ಜಾಲಿ ಮರದ ಎಡಕ್ಕೆ, ಹುತ್ತದ ಬಲಕ್ಕೆ, ಬಂಡೆಯನ್ನು ಸುತ್ತಿ ಎಂದು ಕಿವಿಯ ಹಿಂದಿನಿಂದ ಹೇಳುತ್ತ ಹೋದಳು, ನಾನು ತಿರುಗಿಸುತ್ತ ಹೋದೆ. ದುರುಗಪ್ಪನ ನಾಯಿಗಳು ಬೊಗಳುತ್ತ ಓಡಿಬಂದವು. ಮುದುಕ ದುರುಗಪ್ಪ ತಂಬಿಗೆ ಹಿಡಿದು ಎದುರು ಬಂದು, ಮೊದಲು ನೀರು ಕುಡಿಯಿರಿ ಎಂದ. ಬಾಳಮ್ಮ ಗಾಡಿಯ ಮೇಲಿನಿಂದಲೇ ಹೇಳಿದಳು: “ನೀರು ಆಮ್ಯಾಲ. ಕುರಿ ಹಿಡಿ, ಐಸ್ ಗಡ್ಡಿ ಕರಗಾಕತ್ತೈತಿ.”

ನಾನು ಬ್ರೇಕ್ ಹಿಡಿದು, ಅಭ್ಯಾಸದಂತೆ ಪಕ್ಕಕ್ಕೆ ಜಾರಲು ಹೊರಟೆ. ಜಾರಬೇಕಾಗಲಿಲ್ಲ. ಹಿಂದಿನಿಂದ ಎರಡು ಉದ್ದನೆಯ ಕಾಲುಗಳು ಇಳಿದು, ಗಾಡಿಯ ಎರಡೂ ಬದಿಯಲ್ಲಿ ನೆಲಕ್ಕೆ ಗಟ್ಟಿಯಾಗಿ ಊರಿಕೊಂಡವು. ನಾನು ಮೇಲೆ ಕುಳಿತಿರುವಾಗ ಆ ಗಾಡಿ ನೆಟ್ಟಗೆ ನಿಂತದ್ದು ಅದೇ ಮೊದಲು.